ಸ್ಪಷ್ಟನೆ: ಅದು ‘ಕೊನೆಯ’ ಅವಿಭಾಜ್ಯ ಸಂಖ್ಯೆಯಲ್ಲ

2ರ 13,62,79,841ನೇ ಘಾತದಿಂದ 1 ಕಳೆದರೆ ‘ಕೊನೆಯ ಅವಿಭಾಜ್ಯ ಸಂಖ್ಯೆ’ ಬರುತ್ತದೆ, ಅದು 7ರಿಂದ ಮುಗಿಯುತ್ತದೆ ಎಂಬ ಸಂದೇಶ ಬೆಂಗಳೂರಿನ ಪಿಯು ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

4,10,24,320 ಅಂಕಿಗಳ ಈ ಸಂಖ್ಯೆ 2024ರಲ್ಲಿ ಪತ್ತೆಯಾದಾಗ ಗೊತ್ತಿದ್ದವುಗಳಲ್ಲಿ ಅತಿ ದೊಡ್ಡದು, ಅಷ್ಟೇ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದಾನೆ.

ಕೊನೆಯ ಅಂಕಿಯನ್ನು ನೀವೇ ಕಾಗದದ ಮೇಲೆ ನೋಡಿ. 2ರ ಘಾತಗಳ ಕೊನೆಯಂಕಿ 2, 4, 8, 6 ಎಂದು ಸುತ್ತುತ್ತಿರುತ್ತದೆ. ಘಾತಾಂಕವನ್ನು 4ರಿಂದ ಭಾಗಿಸಿ. ಅದರ ಕೊನೆಯ ಎರಡಂಕಿ 41 ಸಾಕು. ಶೇಷ 1, ಅಂದರೆ ಘಾತದ ಕೊನೆಯಲ್ಲಿ 2. ಒಂದು ಕಳೆದರೆ 1. ಕೊನೆಗೆ 7 ಬರಲು ಶೇಷ 3 ಇರಬೇಕಿತ್ತು.

ಘಾತಾಂಕ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯವೇ ಎಂದು ಕೆಲವರು ಸೇರಿಸುತ್ತಿದ್ದಾರೆ, ದಯವಿಟ್ಟು ನಂಬಬೇಡಿ: 11 ಹಾಕಿದರೆ ಸಿಗುವುದು 2047, ಅದು 23 × 89.