ತೋಟದ ಮದುವೆಗೆ ತೋಟವೇ ಅಡ್ಡಿ

ಸಾಗರ ತಾಲ್ಲೂಕಿನ ಮೂಲೆಯೊಂದರಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕಳೆದ ವೈಶಾಖದಲ್ಲಿ ನಡೆದ ಮದುವೆಗೆ ಮೂರು ತಿಂಗಳು ಮೊದಲೇ ಬೆಂಗಳೂರಿನಿಂದ ಬಂದಿಳಿದ ಇವೆಂಟ್ ಮ್ಯಾನೇಜರ್ ಮಹಾಶಯರು, ಅಂಗಳದ ನಡುವೆ ನಿಂತು ನಾಲ್ಕೂ ದಿಕ್ಕಿಗೆ ಕಣ್ಣಾಡಿಸಿ, “ಜಾಗ ಚೆನ್ನಾಗಿದೆ ಸರ್, ಆದರೆ ಹಳ್ಳಿಯ ಫೀಲ್ ಸಾಲದು” ಎಂದು ತೀರ್ಪು ಕೊಟ್ಟರು. ತಲೆಮಾರುಗಳಿಂದ ಅದೇ ಕಣಿವೆಯಲ್ಲಿ ಅಡಿಕೆ ಬೆಳೆದುಕೊಂಡು, ಮಳೆಗಾಲದಲ್ಲಿ ಉಂಬಳಗಳಿಗೆ ರಕ್ತವನ್ನೂ ಬೇಸಿಗೆಯಲ್ಲಿ ಮಂಗಗಳಿಗೆ ಬಾಳೆಗೊನೆಯನ್ನೂ ತಪ್ಪದೆ ಸಲ್ಲಿಸುತ್ತ ಬಂದ ಮನೆತನದ ಯಜಮಾನನಾದ ಚಿಕ್ಕಪ್ಪ, ತನ್ನ ಮನೆ ಹಳ್ಳಿಯಲ್ಲಿದೆಯೆಂಬುದನ್ನು ಸಾಬೀತುಪಡಿಸಲು ಪಹಣಿಯನ್ನು ಹುಡುಕಿ ತರಬೇಕೇ ಎಂದು ಒಂದು ಕ್ಷಣ ಯೋಚಿಸಿದನಂತೆ.

ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವವಳು, ಅಳಿಯನೂ ಅಲ್ಲಿಯವನೇ. ಇಬ್ಬರಿಗೂ ಕಲ್ಯಾಣ ಮಂಟಪವೆಂದರೆ ಅಲರ್ಜಿಯಾದ್ದರಿಂದ ಮದುವೆ ‘ರಸ್ಟಿಕ್’, ಅಂದರೆ ಹಳ್ಳಿ ಶೈಲಿಯದು, ಆಗಿರಬೇಕೆಂದು ತೀರ್ಮಾನವಾಗಿತ್ತು. ಚಿಕ್ಕಪ್ಪನಿಗೆ ಈ ಶಬ್ದದ ಪರಿಚಯವಿದ್ದದ್ದು ಬಣ್ಣದ ಡಬ್ಬದ ಮೇಲೆ ತುಕ್ಕು ಹಿಡಿಯದಿರುವ ಬಗ್ಗೆ ಬರೆದಿರುತ್ತಾರಲ್ಲ, ಅಲ್ಲಿಂದ ಮಾತ್ರ. “ತುಕ್ಕು ಹಿಡಿದದ್ದೇ ಬೇಕಾದರೆ ಹೊಳೆಬದಿಯ ಪಂಪ್ ಶೆಡ್ ಇತ್ತಲ್ಲ ಕೂಸೇ, ಅದಕ್ಕೆ ಬೆಂಗಳೂರಿಂದ ಜನ ಎಂತಕ್ಕೆ?” ಎಂದು ಆತ ಕೇಳಿದ್ದು ಮುಗ್ಧತೆಯಿಂದಲೇ ಆದರೂ, ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ತಿಳಿವಳಿಕೆಯ ಮಾತು ಅದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಳ್ಳಿ ಸಾಲದೆ ಬಂದದ್ದಕ್ಕೆ ಕಾರಣವಿಲ್ಲದೇ ಇರಲಿಲ್ಲ. ಅಡಿಕೆಗೆ ಒಳ್ಳೆಯ ಬೆಲೆ ಬಂದ ಒಂದೊಂದು ವರ್ಷವೂ ಚಿಕ್ಕಪ್ಪ ಮನೆಯ ಒಂದೊಂದು ಹಳೆಯ ವಸ್ತುವನ್ನು ಹೊರಗೆ ಹಾಕುತ್ತ ಬಂದಿದ್ದ. ಸಗಣಿ ಸಾರಿಸುವ ಕಷ್ಟ ಸಾಕೆಂದು ಚಿಕ್ಕಮ್ಮ ಹೇಳಿದ ವರ್ಷ ಅಂಗಳಕ್ಕೆ ಕಾಂಕ್ರೀಟು ಬಿತ್ತು. ಜಗಲಿಯ ಹಲಸಿನ ಮುಂಡಿಗೆಗಳು ಮನೆ ಬಾಗಿಲಿಗೆ ಬಂದ ವ್ಯಾಪಾರಿಯ ಪಾಲಾಗಿ, ಆ ಜಾಗದಲ್ಲಿ ಸಿಮೆಂಟಿನ ಕಂಬಗಳು ಎದ್ದವು. ಹಿತ್ತಾಳೆ ಹಂಡೆ ಮತ್ತು ತಾಮ್ರದ ಕೊಡಗಳು ಹೋಗಿ ಸ್ಟೀಲು ಬಂತು. ಲಾಟೀನುಗಳು ಅಟ್ಟದಿಂದ ಇಳಿದು ಗುಜರಿಗೆ ನಡೆದವು. ಈಗ ಅದೇ ಹಂಡೆ, ಅದೇ ಕೊಡ, ಅದೇ ಲಾಟೀನು, ಎರಡು ದಿನದ ಬಾಡಿಗೆಗೆ, ಲಾರಿಯಲ್ಲಿ ಘಟ್ಟದ ರಸ್ತೆ ಹತ್ತಿ ಬಂದವು. ಕಾಂಕ್ರೀಟ್ ಅಂಗಳದ ಮೇಲೆ ಸಗಣಿ ಬಣ್ಣದ ಕಾರ್ಪೆಟ್ ಹಾಸಲಾಯಿತು. ಮುಂಡಿಗೆಗಳು ಮಾತ್ರ ಥರ್ಮಾಕೋಲಿನವು. ಮರದ ಬಣ್ಣ ಬಳಿದು, ಕೆತ್ತನೆಯ ಗೆರೆ ಎಳೆದು, ಗೆದ್ದಲೂ ಮೂಸಿ ನೋಡಲಾರದಂತೆ ಮಾಡಿದ್ದರು. ಲಾಟೀನುಗಳಿಗೆ ಸೀಮೆಎಣ್ಣೆಯ ಬದಲು ಎಲ್‌ಇಡಿ ಬಲ್ಬುಗಳಿದ್ದುದರಿಂದ ಅವು ಮಿಣಮಿಣ ಉರಿಯಲು ಕೊಟ್ಟಿಗೆಯ ಹಿಂದೆ ಜನರೇಟರ್ ಇಡಬೇಕಾಯಿತು. ಮಲೆನಾಡಿನಲ್ಲಿ ಕತ್ತಲೆಗೆ ಹಣ ಕೊಟ್ಟದ್ದನ್ನು ನಾನು ಮೊದಲ ಬಾರಿ ಕಂಡೆ. ಅಲ್ಲಿ ಅದು ವಾರಕ್ಕೆ ನಾಲ್ಕು ದಿನ ಉಚಿತವಾಗಿಯೇ ಸಿಗುತ್ತದೆ.

ಹಟ್ಟಿಯಲ್ಲಿದ್ದ ದನಗಳ ಪರೀಕ್ಷೆಯೂ ನಡೆಯಿತು. ಮಲೆನಾಡು ಗಿಡ್ಡ ತಳಿಯ ಹಸುವೆಂದರೆ ಹೆಸರೇ ಹೇಳುವಂತೆ ಗಿಡ್ಡ. ಗುಡ್ಡ ಹತ್ತಿ ಮೇಯಲು, ಜಡಿಮಳೆ ತಡೆಯಲು ಆ ದೇಹವೇ ಸರಿ. ವಧುವಿನ ಪಕ್ಕ ನಿಲ್ಲಿಸಿದರೆ ಚೌಕಟ್ಟಿನಲ್ಲಿ ಕರುವಿನಂತೆ ಕಾಣುತ್ತದೆಂಬ ಕಾರಣಕ್ಕೆ ಮನೆಯ ಹಸು ಕೌಲೆಯನ್ನು ತಿರಸ್ಕರಿಸಿ, ಜೋಲು ಕಿವಿಯ ಗಿರ್ ಹಸುವೊಂದನ್ನು ಬಯಲುಸೀಮೆಯ ಡೈರಿಯಿಂದ ಟೆಂಪೋದಲ್ಲಿ ತರಿಸಿದರು. ಅದರ ಜೊತೆಗೇ ಬಂದದ್ದು ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಯಂತ್ರ ಕಟ್ಟಿದ ಭತ್ತದ ಹುಲ್ಲಿನ ಪೆಂಡಿಗಳು. ಅವು ಅತಿಥಿಗಳು ಕುಳಿತುಕೊಳ್ಳಲಿರುವ ಆಸನಗಳೆಂದು ನಮಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ತಿರಸ್ಕೃತಳಾದ ಕೌಲೆಯು ಮೊದಲನೆಯ ಸಾಲಿನ ಎರಡು ವಿಐಪಿ ಆಸನಗಳನ್ನು ತಿಂದು ಮುಗಿಸಿದ್ದಳು. ಉಳಿದವುಗಳ ಮೇಲೆ ರೇಷ್ಮೆ ಸೀರೆಯುಟ್ಟು ಕುಳಿತ ಹೆಂಗಸರು ತಾಳಿ ಕಟ್ಟುವ ಹೊತ್ತಿಗೆ ತುರಿಕೆ ತಾಳಲಾರದೆ ಎದ್ದು ನಿಂತದ್ದನ್ನು ವಿಡಿಯೋದವರು ಭಾವುಕ ಕ್ಷಣವೆಂದು ದಾಖಲಿಸಿಕೊಂಡಿದ್ದಾರೆ.

ಮುಹೂರ್ತವನ್ನು ತೋಟದೊಳಗೇ ಇಡಬೇಕೆಂಬುದು ಮೂಲ ಯೋಜನೆ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರವಿರುತ್ತದೆ, ನಡುವೆ ಬಸಿಗಾಲುವೆ ಇರುತ್ತದೆ, ಬೇಸಿಗೆಯಲ್ಲಿ ತುಂತುರು ನೀರಾವರಿಯ ಪೈಪುಗಳು ಹಾವಿನಂತೆ ಮಲಗಿರುತ್ತವೆ ಮತ್ತು ಪಂಪಿಗೆ ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಬೆಳಿಗ್ಗೆ ನೆಲವೆಲ್ಲ ಕೆಸರಾಗಿರುತ್ತದೆ ಎಂಬ ಸಂಗತಿಗಳು ಮ್ಯಾನೇಜರರ ನೀಲನಕ್ಷೆಯಲ್ಲಿರಲಿಲ್ಲ. ಕ್ಯಾಮೆರಾಕ್ಕೆ ಅಡ್ಡ ಬರುವ ಎರಡು ಸಾಲು ಮರಗಳನ್ನು ‘ತಾತ್ಕಾಲಿಕವಾಗಿ’ ತೆಗೆಯಲು ಸಾಧ್ಯವೇ ಎಂದು ಅವರು ಕೇಳಿದರು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕೆಂದೂ, ಅಷ್ಟರಲ್ಲಿ ಮೊಮ್ಮಗುವಿನ ಅಕ್ಷರಾಭ್ಯಾಸವೇ ಆಗಿಬಿಡಬಹುದೆಂದೂ ಚಿಕ್ಕಪ್ಪ ಶಾಂತವಾಗಿಯೇ ವಿವರಿಸಿದ. ಅದೇ ಹೊತ್ತಿಗೆ ಒಣಗಿದ ಸೋಗೆಯೊಂದು ಹಾಳೆಯ ಸಮೇತ ಮ್ಯಾನೇಜರರಿಂದ ಎರಡು ಮಾರು ದೂರದಲ್ಲಿ ಧೊಪ್ಪನೆ ಬಿದ್ದದ್ದರಿಂದ ಮಂಟಪವು ಅಂಗಳಕ್ಕೆ ಸ್ಥಳಾಂತರಗೊಂಡಿತು. ಅಡಿಕೆಹಾಳೆಯ ಟೊಪ್ಪಿಯನ್ನು ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ಹಂಚುವುದೆಂದು ನಿರ್ಧಾರವಾಗಿತ್ತಲ್ಲ, ಅದರ ನಿಜವಾದ ಉಪಯೋಗ ಏನೆಂದು ಅವರಿಗೆ ಆಗ ಹೊಳೆದಿರಬೇಕು.

ಹಿಂದೆ ಇದೇ ಅಂಗಳದಲ್ಲಿ ಮದುವೆಗಳು ನಡೆಯುತ್ತಿದ್ದವು. ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಸೋಗೆ ಹೊದಿಸಿದ ಚಪ್ಪರವನ್ನು ಊರಿನವರು ಮುಯ್ಯಾಳಿನ ಲೆಕ್ಕದಲ್ಲಿ ಎರಡು ದಿನದೊಳಗೆ ಎಬ್ಬಿಸುತ್ತಿದ್ದರು; ಇವತ್ತು ನಮ್ಮ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು, ಅಷ್ಟೇ ಕರಾರು. ಅದು ನಿಂತುಹೋದದ್ದು ಯಾರಿಗೂ ಬೇಡವಾಯಿತೆಂದಲ್ಲ, ಮುಯ್ಯಿ ತೀರಿಸುವವರು ಊರಿನಲ್ಲಿ ಉಳಿಯಲಿಲ್ಲವೆಂದು. ಹೆಂಗಸರ ಮಟ್ಟಿಗಂತೂ ಕಲ್ಯಾಣ ಮಂಟಪ ಬಂದದ್ದು ಬಿಡುಗಡೆಯೇ ಆಗಿತ್ತು. ಇನ್ನೂರು ಎಲೆಯ ಊಟಕ್ಕೆ ಒಲೆಯ ಮುಂದೆ ಕುಳಿತು ಕಾಯಿ ರುಬ್ಬಿದವರನ್ನು ಕೇಳಿದರೆ ಹಳೆಯ ಮದುವೆಗಳ ಸೊಬಗಿನ ಇನ್ನೊಂದು ಮಗ್ಗುಲು ತಿಳಿಯುತ್ತದೆ. ಚಪ್ಪರ ಹಾಕುವ ವಯಸ್ಸಿನ ಹುಡುಗರೆಲ್ಲ ಈ ಸಲ ಊರಿಗೆ ಬಂದದ್ದು ನಿಜ, ಆದರೆ ಅತಿಥಿಗಳಾಗಿ. ಚಪ್ಪರ ಹಾಕಿದವರು ಬಿಹಾರದಿಂದ ಬಂದ ಕೆಲಸಗಾರರು. ಅವರಿಗೆ ಸೋಗೆ ಹೊದಿಸುವುದನ್ನು ಹೇಳಿಕೊಟ್ಟವನು ಎಪ್ಪತ್ತು ದಾಟಿದ ನಮ್ಮ ಪಕ್ಕದ ಮನೆಯ ಅಜ್ಜ.

ಊರಿನಲ್ಲಿ ಉಳಿದ ಏಕಮಾತ್ರ ತರುಣ ವಧುವಿನ ಅಣ್ಣ. ಮೂವತ್ತಾರು ವರ್ಷ, ನಾಲ್ಕು ಎಕರೆ ತೋಟ, ಸ್ವಂತ ಜೀಪು, ದುಶ್ಚಟಗಳಿಲ್ಲ, ಹೆಣ್ಣೂ ಇಲ್ಲ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ವಧು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಾಡೆಲ್ಲ ನಕ್ಕಿತ್ತು. ಇವನು ಮಾತ್ರ ನಗದೆ ದೂರ ಎಷ್ಟೆಂದು ಕೇಳಿದ್ದ. ತೋಟದಲ್ಲಿ ಮದುವೆಯಾಗಲು ಮೂರು ತಿಂಗಳು ಮುಂಚೆ ಬುಕ್ ಮಾಡುವಷ್ಟು ಜನರಿದ್ದಾರೆ, ತೋಟದವನನ್ನು ಮದುವೆಯಾಗಲು ಒಬ್ಬರೂ ಇಲ್ಲ. ಹುಡುಗಿಯರನ್ನು ನಾನು ದೂರುವುದಿಲ್ಲ, ಅವರ ತಾಯಂದಿರು ಹೇಳಿಕೊಟ್ಟ ಪಾಠವನ್ನು ಅವರು ಸರಿಯಾಗಿ ಕಲಿತಿದ್ದಾರೆ. ಮದುವೆಯ ದಿನ ಜೀನ್ಸ್ ತೊಟ್ಟು ಕುರ್ಚಿ ಹೊರುತ್ತಿದ್ದ ಅಣ್ಣನನ್ನು ಮ್ಯಾನೇಜರರು ತಡೆದು, ಪಂಚೆ ಉಡಿಸಿ, ಹಾಳೆ ಟೊಪ್ಪಿ ಹಾಕಿಸಿ, ಹೆಗಲ ಮೇಲೆ ಕತ್ತಿ ಇಟ್ಟು ಸ್ವಾಗತ ದ್ವಾರದಲ್ಲಿ ‘ರೈತ’ನೆಂದು ನಿಲ್ಲಿಸಿದರು. ಬೆಂಗಳೂರಿನ ಕನ್ಯೆಯರು ಸಾಲಾಗಿ ಬಂದು ಅವನೊಂದಿಗೆ ಫೋಟೊ ತೆಗೆಸಿಕೊಂಡರು. ಒಬ್ಬಳೂ ಜಾತಕ ಕೇಳಲಿಲ್ಲ.

ಪ್ರೀ-ವೆಡ್ಡಿಂಗ್ ಫೋಟೊಗಳದ್ದು ಬೇರೆಯೇ ಅಧ್ಯಾಯ. ಫೆಬ್ರುವರಿಯಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ಒಣ ತರಗೆಲೆಗಳ ಮೇಲೆ ವಧೂವರರು ಉರುಳಾಡುವ ದೃಶ್ಯ ಬೇಕಾಗಿತ್ತು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ವೈದ್ಯಕೀಯ ಗ್ರಂಥಗಳಲ್ಲಿ ಆ ಕಾಡಿನ ಹೆಸರಿನಿಂದಲೇ ದಾಖಲಾಗಿರುವ ಮಂಗನ ಕಾಯಿಲೆಯು ಉಣುಗು, ಅಂದರೆ ಉಣ್ಣಿ, ಕಚ್ಚುವುದರಿಂದ ಬರುತ್ತದೆ, ಉಣುಗುಗಳು ತರಗೆಲೆಗಳಲ್ಲೇ ಕಾದಿರುತ್ತವೆ ಮತ್ತು ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವುಗಳ ಕಾಲ ಎಂದು ಊರಿನ ಆಶಾ ಕಾರ್ಯಕರ್ತೆ ಖುದ್ದಾಗಿ ಬಂದು ಹೇಳಿ, ಕೈಕಾಲಿಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆಯ ಬಾಟಲಿ ಕೊಟ್ಟಳು. ಛಾಯಾಗ್ರಾಹಕರು ಅದರಿಂದ ಮೈ ಹೊಳೆದು ಬೆಳಕು ಪ್ರತಿಫಲಿಸುತ್ತದೆಯೇ ಎಂದಷ್ಟೇ ವಿಚಾರಿಸಿದರು. ದೇವರ ದಯೆ, ಯಾರಿಗೂ ಜ್ವರ ಬರಲಿಲ್ಲ. ಸೊಪ್ಪು ತರಲು ಅದೇ ಬೆಟ್ಟಕ್ಕೆ ಹೋಗುವ ಹೆಂಗಸರು ಇಡೀ ಬೇಸಿಗೆ ಆ ಎಣ್ಣೆ ಹಚ್ಚಿಕೊಂಡು ಓಡಾಡುತ್ತಾರೆ. ಅವರ ಫೋಟೊ ಯಾರೂ ತೆಗೆಯುವುದಿಲ್ಲ.

ಆಮಂತ್ರಣ ಪತ್ರದಲ್ಲಿ ‘ಮೊಬೈಲ್ ಮುಕ್ತ ಎರಡು ದಿನಗಳು’ ಎಂದು ಅಚ್ಚಾಗಿತ್ತು. ಊರಿಗೆ ಟವರ್ ಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟೂ ಕೊಟ್ಟೂ ಸೋತಿದ್ದ ಚಿಕ್ಕಪ್ಪನಿಗೆ, ತಾನು ಇಷ್ಟು ವರ್ಷ ಅನುಭವಿಸುತ್ತಿದ್ದದ್ದು ತೊಂದರೆಯಲ್ಲ, ಸೌಲಭ್ಯ ಎಂದು ತಿಳಿದದ್ದು ಆಗಲೇ. ಮುಯ್ಯಿ ಹಾಕಲು ಇಟ್ಟಿದ್ದ ಕ್ಯೂಆರ್ ಕೋಡನ್ನು ಮಾತ್ರ ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಗೆ ಒಯ್ದು ನೇರಳೆ ಮರಕ್ಕೆ ಕಟ್ಟಬೇಕಾಯಿತು. ದಿಬ್ಬಣವನ್ನು ಶರಾವತಿ ಹಿನ್ನೀರಿನಲ್ಲಿ ಲಾಂಚಿನ ಮೇಲೆ ತರಬೇಕೆಂಬ ಆಸೆಯೂ ಮ್ಯಾನೇಜರರಿಗಿತ್ತು. ಲಿಂಗನಮಕ್ಕಿ ಅಣೆಕಟ್ಟೆ ಆದಂದಿನಿಂದ ಆರು ದಶಕ ಲಾಂಚಿಗೆ ಕಾದು, ಹೆರಿಗೆ ನೋವಿನಲ್ಲೂ ಕಾದು, ಹೋರಾಡಿ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಕಂಡ ತುಮರಿ ಕಡೆಯ ನಮ್ಮ ನೆಂಟರೊಬ್ಬರ ಎದುರಿನಲ್ಲೇ ಅವರು, “ಸೇತುವೆ ಕಟ್ಟಿ ಆ ಜಾಗದ ಚಾರ್ಮ್ ಹಾಳು ಮಾಡಿದರು” ಎಂದು ನಿಟ್ಟುಸಿರುಬಿಟ್ಟರು. ನೆಂಟರು ಸಜ್ಜನರು, ಹೊಳೆ ಹತ್ತಿರದಲ್ಲೇ ಇದ್ದರೂ ಸುಮ್ಮನಿದ್ದರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಒಬ್ಬೊಬ್ಬರಿಗೆ ಅರ್ಧ ಮಿಡಿಯಂತೆ ಪುಟ್ಟ ಮಡಕೆಯಲ್ಲಿಟ್ಟು ಕೊಟ್ಟದ್ದನ್ನು ಮಾತ್ರ ಮಲೆನಾಡು ಕ್ಷಮಿಸಲಾರದು. ಅಡಿಕೆ ಸುಲಿಯುವುದನ್ನು ‘ಲೈವ್ ಕೌಂಟರ್’ ಮಾಡಬೇಕೆಂದು ಕೇರಿಯ ನಾಲ್ವರು ಹೆಂಗಸರನ್ನು ಮೆಟ್ಟುಗತ್ತಿಯ ಸಮೇತ ಕರೆಸಿದ್ದರು. ವೈಶಾಖದಲ್ಲಿ ಹಸಿ ಅಡಿಕೆ ಎಲ್ಲಿಂದ ಬರಬೇಕೆಂದು ಯಾರೂ ಯೋಚಿಸಿರಲಿಲ್ಲವಾದ್ದರಿಂದ ಬರಿಗೈಯಲ್ಲಿ ಸುಲಿಯುವಂತೆ ನಟಿಸಿದರೆ ಸಾಕೆಂದು ಹೇಳಲಾಯಿತು. ಅವರಲ್ಲಿ ಹಿರಿಯಳು ಕೇಳಿದ ಪ್ರಶ್ನೆ ಒಂದೇ: “ಕೂಲಿ ಡಬ್ಬದ ಲೆಕ್ಕವಾ, ದಿನದ ಲೆಕ್ಕವಾ?”

ಈ ಗದ್ದಲದ ನಡುವೆ ನಾನು ಒಂದು ತಪ್ಪು ಮಾಡಿದೆ. ನಮ್ಮದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು ಮದುವೆಯ ಆಡಂಬರ ಕಳಚಲೆಂದು ಮಂತ್ರ ಮಾಂಗಲ್ಯವೆಂಬ ಸರಳ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದ್ದರೆಂದೂ, ಸರಳತೆಯೇ ಬೇಕಿದ್ದರೆ ಅದಕ್ಕೆ ಲಾರಿಯ ಅಗತ್ಯವಿಲ್ಲವೆಂದೂ ಮ್ಯಾನೇಜರರಿಗೆ ಹೇಳಿದೆ. ಅವರು ಆಸಕ್ತಿಯಿಂದ ಬರೆದುಕೊಂಡು, “ನಮ್ಮಲ್ಲಿ ಮಿನಿಮಲ್ ಪ್ಯಾಕೇಜ್ ಕೂಡ ಇದೆ ಸರ್, ಆದರೆ ಅದಕ್ಕೆ ಸ್ವಲ್ಪ ಹೆಚ್ಚಾಗುತ್ತದೆ” ಎಂದರು.

ಧಾರೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಭರಣಿ ಮಳೆ ಬಂತು. ಪಡುವಣದ ಗುಡ್ಡದ ಮೇಲೆ ಮೋಡ ಕಪ್ಪಾದಾಗಲೇ ಚಿಕ್ಕಪ್ಪ ಎಚ್ಚರಿಸಿದ್ದ. ಮೊಬೈಲಿನ ಹವಾಮಾನ ಸೂಚನೆಯಲ್ಲಿ ಸೂರ್ಯನ ಚಿತ್ರವಿದೆಯೆಂದು ಉತ್ತರ ಬಂದಿತ್ತು, ಅದು ನೆಟ್‌ವರ್ಕ್ ಇದ್ದ ಹಿಂದಿನ ದಿನದ ಸೂರ್ಯ. ಗಾಳಿಗೆ ಥರ್ಮಾಕೋಲ್ ಮುಂಡಿಗೆಗಳು ಎದ್ದು ಗದ್ದೆ ಬಯಲಿಗೆ ಹಾರಿದವು, ಕಾರ್ಪೆಟ್ಟು ನಿಜವಾದ ಸಗಣಿಯ ಹದಕ್ಕೆ ಬಂತು, ಗಿರ್ ಹಸು ಗುಡುಗಿಗೆ ಹೆದರಿ ಟೆಂಪೋ ಹತ್ತಿ ನಿಂತಿತು. ಆಗ ರೈತವೇಷದ ಅಣ್ಣನೂ ಪಕ್ಕದ ಮನೆಯ ಅಜ್ಜನೂ ಸೇರಿ, ಅಡಿಕೆ ಒಣಗಿಸುವಾಗ ಮುಚ್ಚಲು ಅಟ್ಟದಲ್ಲಿಟ್ಟಿದ್ದ ನೀಲಿ ತಾಡಪಾಲನ್ನು ತಂದು ಹತ್ತು ನಿಮಿಷದಲ್ಲಿ ಅಂಗಳದ ಮೇಲೆ ಎಳೆದು ಕಟ್ಟಿದರು. ಇನ್ನೂರು ಜನ ಅದರಡಿಯಲ್ಲಿ ಒತ್ತೊತ್ತಾಗಿ ನಿಂತು ಬಿಸಿ ಕಾಫಿ ಕುಡಿದರು. ಯಾರದೋ ಅಜ್ಜಿ ಸೋಬಾನೆ ಹೇಳಿದಳು. ಕೆಮ್ಮಣ್ಣಿನಲ್ಲಿ ಹೂತ ಕಾರುಗಳನ್ನು ಅಣ್ಣ ಜೀಪಿಗೆ ಕಟ್ಟಿ ಕತ್ತಲಾಗುವವರೆಗೆ ಎಳೆದ. “ನೀಲಿ ನಮ್ಮ ಕಲರ್ ಪ್ಯಾಲೆಟ್‌ನಲ್ಲಿ ಇಲ್ಲ” ಎಂದು ಮ್ಯಾನೇಜರರು ಅದೇ ತಾಡಪಾಲಿನ ಕೆಳಗೆ ನಿಂತು ತಲೆ ಒರೆಸಿಕೊಳ್ಳುತ್ತ ಹೇಳಿದರು.

ಕಳೆದ ವಾರ ಆಲ್ಬಮ್ ಬಂತು. ಕಂಪ್ಯೂಟರಿನಲ್ಲಿ ತಾಡಪಾಲನ್ನು ಅಳಿಸಿ, ಆ ಜಾಗದಲ್ಲಿ ಹೊಂಬಣ್ಣದ ಸೋಗೆಯ ಚಪ್ಪರವನ್ನೂ ಸಂಜೆಯ ಬಿಸಿಲನ್ನೂ ಕೂಡಿಸಿದ್ದಾರೆ. ಕನ್ನಡಕ ಸರಿಮಾಡಿಕೊಂಡು ಪುಟ ತಿರುವಿದ ಚಿಕ್ಕಪ್ಪ ಅಷ್ಟೂ ಫೋಟೊಗಳಲ್ಲಿ ಹುಡುಕಿದ್ದು ತಾಡಪಾಲನ್ನೇ. ಏಕೆಂದರೆ ಅದು ಮನೆಯಲ್ಲೂ ಇಲ್ಲ. ಬಾಡಿಗೆ ಸಾಮಾನುಗಳ ಜೊತೆ ಮಡಚಿಕೊಂಡು ಲಾರಿ ಹತ್ತಿ ಹೋಗಿದೆ. ಮಳೆಗಾಲ ಹಿಡಿಯಿತು, ಸೌದೆ ಮುಚ್ಚಬೇಕು ಎಂದು ಆತ ದಿನಾ ಸಂಜೆ ಗುಡ್ಡ ಹತ್ತಿ, ನೇರಳೆ ಮರದ ಕೆಳಗೆ ನಿಂತು, ಬೆಂಗಳೂರಿಗೆ ಫೋನು ಮಾಡುತ್ತಿದ್ದಾನೆ.