ಜೆರಾಕ್ಸ್ ಮೆಷಿನ್ ರಿಪೇರಿ ಕಲಿಯುವವರು ಮೊದಲು ಕಾಗದ ಓದಲು ಕಲಿಯಿರಿ

ಪ್ಲಸ್ ಟು ಮುಗಿಸಿದವರು, ಐಟಿಐಯಲ್ಲಿ ಇಲೆಕ್ಟ್ರಾನಿಕ್ಸ್ ಮಾಡಿದವರು ನಮ್ಮ ಕಾಸರಗೋಡು, ಮಂಜೇಶ್ವರ ಕಡೆ ಬೇಕಾದಷ್ಟು ಇದ್ದಾರೆ. ಮುಂದೇನು ಅಂದರೆ ಮಂಗಳೂರು, ಇಲ್ಲವಾದರೆ ಗಲ್ಫ್. ಊರಲ್ಲೇ ಇದ್ದು ಮಾಡಬಹುದಾದ ಒಂದು ಕೆಲಸ ಉಂಟು, ಆಫೀಸಿನ ಕಾಪಿಯರ್ ರಿಪೇರಿ. ವಿದ್ಯಾನಗರದ ಕಲೆಕ್ಟರೇಟಿನಿಂದ ಹಿಡಿದು ಪಂಚಾಯತು, ಸಹಕಾರಿ ಬ್ಯಾಂಕು, ಶಾಲೆ, ಅಕ್ಷಯ ಕೇಂದ್ರ, ಬದಿಯಡ್ಕ–ಪೆರ್ಲದ ಪೇಟೆಯ ಜೆರಾಕ್ಸ್ ಅಂಗಡಿಯವರೆಗೆ ಈ ಮೆಷಿನ್ ಇಲ್ಲದ ಜಾಗ ಕಡಿಮೆ. ಆದರೆ ಈ ಕೆಲಸಕ್ಕೆ ಸೇರುವ ಹೆಚ್ಚಿನವರು ಪಾರ್ಟ್ ಕಳಚಿ ಹಾಕುವುದನ್ನು ಮಾತ್ರ ಕಲಿಯುತ್ತಾರೆ. ಗೆರೆ ಬಂತು, ಡ್ರಮ್ (ಅಕ್ಷರದ ಅಚ್ಚು ಮೂಡುವ ಉರುಳೆ) ಬದಲಿಸು. ಮಂಕಾಯಿತು, ಟೋನರ್ (ಮಸಿಯ ಹುಡಿ) ಬದಲಿಸು. ಗಿರಾಕಿಯ ದುಡ್ಡು ಹೋಗುತ್ತದೆ, ಗೆರೆ ಅಲ್ಲೇ ಇರುತ್ತದೆ. ಮೆಷಿನಿನಿಂದ ಹೊರಬಂದ ಹಾಳಾದ ಹಾಳೆಯನ್ನು ಓದಲು ಕಲಿಯದೆ ಈ ಕೆಲಸದಲ್ಲಿ ಮೇಲೆ ಬರಲು ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಓದಬೇಕಾದರೆ ಒಳಗೆ ಏನಾಗುತ್ತದೆ ಎಂದು ಗೊತ್ತಿರಬೇಕು. ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಮೊದಲ ಒಣ ಪ್ರತಿ ತೆಗೆದ. 1959ರಲ್ಲಿ ಜೆರಾಕ್ಸ್ 914 ಮೆಷಿನ್ ಬಂತು. ಅಂದಿನಿಂದ ಇಂದಿನವರೆಗೆ ಮೂಲ ಕ್ರಮ ಒಂದೇ. ಡ್ರಮ್ಮಿನ ಮೇಲೆ ಚಾರ್ಜ್ ಕೂರುತ್ತದೆ, ಅದರ ಮೇಲೆ ಬೆಳಕು ಬೀಳುತ್ತದೆ, ಟೋನರ್ ಅಂಟುತ್ತದೆ, ಆ ಟೋನರ್ ಕಾಗದಕ್ಕೆ ದಾಟುತ್ತದೆ, ಫ್ಯೂಸರ್ ಎಂಬ ಬಿಸಿ ಭಾಗದಲ್ಲಿ ಕರಗಿ ಹಿಡಿಯುತ್ತದೆ, ಡ್ರಮ್ಮಿನಲ್ಲಿ ಉಳಿದದ್ದನ್ನು ಬ್ಲೇಡ್ ಕೆರೆಯುತ್ತದೆ. ಈ ಆರು ಹೆಜ್ಜೆ ಬಾಯಿಪಾಠ ಬೇಡ, ಒಂದು ಮೆಷಿನಿನ ಬದಿಯ ಬಾಗಿಲು ತೆರೆದು ಪ್ರತಿ ಹೆಜ್ಜೆ ಎಲ್ಲಿ ನಡೆಯುತ್ತದೆ ಎಂದು ಬೆರಳಿಟ್ಟು ತೋರಿಸಲು ಬರಬೇಕು.

ಇನ್ನು ಹಾಳೆ. ಪೂರ್ತಿ ಕಪ್ಪು ಹಾಳೆ ಬಂದರೆ ಈಗಿನ ಡಿಜಿಟಲ್ ಮೆಷಿನಿನಲ್ಲಿ ಮೊದಲ ಸಂಶಯ ಚಾರ್ಜಿನ ಮೇಲೆ. ಡ್ರಮ್ಮಿಗೆ ಚಾರ್ಜ್ ಕೊಡುವ ಪಿಸಿಆರ್ ರೋಲರಿಗೆ ಹೈವೋಲ್ಟೇಜ್ ತಲುಪುತ್ತಿಲ್ಲ, ಅದರ ಸ್ಪ್ರಿಂಗ್ ಕಾಂಟ್ಯಾಕ್ಟಿನಲ್ಲಿ ಟೋನರ್ ಧೂಳು ಅಥವಾ ತುಕ್ಕು. ಪೂರ್ತಿ ಬಿಳಿ ಬಂದರೆ ಲೇಸರ್ ಡ್ರಮ್ಮಿಗೆ ತಲುಪಿಲ್ಲ, ಇಲ್ಲವೇ ಟೋನರನ್ನು ಡ್ರಮ್ಮಿಗೆ ದಾಟಿಸುವ ವೋಲ್ಟೇಜ್ (ಡೆವಲಪಿಂಗ್ ಬಯಸ್) ಇಲ್ಲ, ಇಲ್ಲವೇ ಟೋನರ್ ಕಾಗದಕ್ಕೆ ದಾಟಿಲ್ಲ. ಲೇಸರ್ ಬದಲು ಲ್ಯಾಂಪಿನ ಬೆಳಕಿನಲ್ಲಿ ಕೆಲಸ ಮಾಡುವ ಹಳೆಯ ಅನಲಾಗ್ ಮೆಷಿನಿನಲ್ಲಿ ಇದು ತಿರುಗಾಮುರುಗ: ಚಾರ್ಜ್ ಹೋದರೆ ಬಿಳಿ, ಲ್ಯಾಂಪ್ ಉರಿಯದಿದ್ದರೆ ಕಪ್ಪು. ಹಳೆ ಮೇಸ್ತ್ರಿಗಳ ಮಾತನ್ನು ಹಾಗೆಯೇ ಹೊಸ ಮೆಷಿನಿಗೆ ಹಚ್ಚಿದವರು ತಪ್ಪುವುದು ಇಲ್ಲಿಯೇ.

ಮಂಕು ಪ್ರತಿಗೆ ಒಂದು ಪರೀಕ್ಷೆ ಉಂಟು, ಪೈಸೆ ಖರ್ಚಿಲ್ಲ. ಹಾಳೆ ಡ್ರಮ್ಮಿನ ಕೆಳಗೆ ಅರ್ಧ ಹೋಗಿರುವಾಗ ಮುಂದಿನ ಬಾಗಿಲು ತೆರೆಯಿರಿ, ಮೆಷಿನ್ ನಿಲ್ಲುತ್ತದೆ. ಡ್ರಮ್ ಯೂನಿಟ್ ಹೊರಗೆಳೆದು ನೋಡಿ. ಕಾಗದಕ್ಕೆ ಇನ್ನೂ ದಾಟದ ಭಾಗದಲ್ಲಿ ಅಕ್ಷರ ಗಾಢವಾಗಿದ್ದು ಹಾಳೆಯಲ್ಲಿ ಮಾತ್ರ ಮಂಕಾಗಿದ್ದರೆ ತೊಂದರೆ ಟೋನರನ್ನು ಕಾಗದಕ್ಕೆ ದಾಟಿಸುವ ಟ್ರಾನ್ಸ್‌ಫರ್ ರೋಲರಿನಲ್ಲಿ, ಅಥವಾ ಕಾಗದದ ತೇವದಲ್ಲಿ. ಡ್ರಮ್ಮಿನ ಮೇಲೆಯೇ ಮಂಕಾಗಿದ್ದರೆ ಲೇಸರ್ ಗಾಜಿನ ಧೂಳು, ಡೆವಲಪರ್ (ಟೋನರನ್ನು ಹೊತ್ತೊಯ್ಯುವ ಕಬ್ಬಿಣದ ಹುಡಿ), ಟೋನರ್ ಕಡೆ ಹುಡುಕಿ. ಹಾಳೆಯಲ್ಲಿ ಸರಿ ಇದ್ದು ಉಜ್ಜಿದಾಗ ಅಕ್ಷರ ಕೈಗೆ ಬಂದರೆ ಫ್ಯೂಸರ್. ಕೆಲಸ ಅರ್ಧ ಮುಗಿಯಿತು, ಸ್ಕ್ರೂ ಇನ್ನೂ ಒಂದೂ ಬಿಚ್ಚಿಲ್ಲ.

ಉದ್ದದ ಕಪ್ಪು ಗೆರೆಗೂ ಹಾಗೆಯೇ. ಮೊದಲು ಮೆಷಿನಿನ ಒಳಗಿನ ಟೆಸ್ಟ್ ಪ್ರಿಂಟ್ ತೆಗೆಯಿರಿ. ಅದರಲ್ಲಿ ಗೆರೆ ಇಲ್ಲದಿದ್ದರೆ ಡ್ರಮ್ ಮುಟ್ಟಬೇಡಿ, ತೊಂದರೆ ಸ್ಕ್ಯಾನರ್ ಬದಿಯಲ್ಲಿ. ದೊಡ್ಡ ಗಾಜಿನ ಮೇಲಿಟ್ಟು ತೆಗೆದರೆ ಚಂದ, ಮೇಲಿನ ಫೀಡರಿನಲ್ಲಿ ಹಾಕಿದರೆ ಮಾತ್ರ ಗೆರೆ ಎಂದಾದರೆ ಎಡಬದಿಯ ಸಣ್ಣ ಪಟ್ಟಿ ಗಾಜಿನಲ್ಲಿ ಒಂದು ಚುಕ್ಕೆ ವೈಟ್‌ನರ್ ಅಥವಾ ಗಮ್ ಕೂತಿದೆ. ಅಲ್ಲಿ ಕಾಗದ ಚಲಿಸುತ್ತದೆ, ಸ್ಕ್ಯಾನರ್ ನಿಂತಿರುತ್ತದೆ, ಹಾಗಾಗಿ ಒಂದು ಚುಕ್ಕೆ ಹಾಳೆಯುದ್ದದ ಗೆರೆಯಾಗುತ್ತದೆ. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಇದಕ್ಕೆ ಹೊಸ ಡ್ರಮ್ ಹಾಕಿಸಿಕೊಂಡ ಗಿರಾಕಿಗೆ ಆಗುವ ಅನ್ಯಾಯ ಯೋಚಿಸಿ.

ಒಂದೇ ಅಂತರದಲ್ಲಿ ಮತ್ತೆಮತ್ತೆ ಬರುವ ಚುಕ್ಕೆಗೆ ಸ್ಕೇಲ್ ಸಾಕು. ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಅಳೆದು 3.14ರಿಂದ ಭಾಗಿಸಿ, ಯಾವ ದಪ್ಪದ ರೋಲರ್ ಎಂದು ತಿಳಿಯುತ್ತದೆ. 94 ಮಿ.ಮೀ. ಎಂದರೆ 30 ಮಿ.ಮೀ. ವ್ಯಾಸದ ಡ್ರಮ್. 75 ಎಂದರೆ 24ರದ್ದು, ಸಣ್ಣ ಲೇಸರ್ ಪ್ರಿಂಟರುಗಳಲ್ಲಿ ಕಾಣುವಂಥದ್ದು. 126 ಬಂದರೆ 40 ಮಿ.ಮೀ. ರೋಲರ್, ಫ್ಯೂಸರ್ ಕಡೆ ನೋಡಿ. ನೀವು ನೋಡಿಕೊಳ್ಳುವ ಪ್ರತಿ ಮಾಡೆಲಿನ ರೋಲರ್ ವ್ಯಾಸ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಊರಿನ ದೊಡ್ಡ ಶತ್ರು ತೇವ. ಜೂನ್ ಬಂತೆಂದರೆ ಹೆಚ್ಚಿನ ಕಾಲ್‌ಗಳು ಜಾಮ್, ಎರಡೆರಡು ಹಾಳೆ ಎಳೆಯುವುದು, ಫ್ಯೂಸರಿನಲ್ಲಿ ಸುಕ್ಕು, ಅಕ್ಷರದ ನಡುವೆ ಬಿಳಿ ಬಿಳಿ. ಒದ್ದೆಯಾದ ಕಾಗದದಲ್ಲಿ ಟ್ರಾನ್ಸ್‌ಫರಿನ ಚಾರ್ಜ್ ನಿಲ್ಲದೆ ಸೋರಿಹೋಗುತ್ತದೆ, ಟೋನರ್ ಸರಿಯಾಗಿ ದಾಟುವುದಿಲ್ಲ. ಹೊಸದಾಗಿ ಒಡೆದ ರೀಮಿನಿಂದ ಹತ್ತು ಹಾಳೆ ಹಾಕಿ ನೋಡದೆ ಆಟಿ ತಿಂಗಳಲ್ಲಿ ಯಾವ ಪಾರ್ಟನ್ನೂ ದೂರಬೇಡಿ. ರೀಮನ್ನು ನೆಲದ ಮೇಲೆ ಇಡಬಾರದು, ಒಡೆದದ್ದನ್ನು ಪ್ಲಾಸ್ಟಿಕಿನಲ್ಲಿ ಸುತ್ತಿಡಬೇಕು, ಸಂಜೆ ಟ್ರೇಯಲ್ಲಿ ಉಳಿದ ಕಾಗದ ತೆಗೆದಿಡಬೇಕು ಎಂದು ಆಫೀಸಿನವರಿಗೆ ಹೇಳಿಕೊಡಿ. ಹಲವು ಮೆಷಿನಿಗೆ ಟ್ರೇಯ ಕೆಳಗೆ ಹಾಕುವ ಹೀಟರ್ ಸಿಗುತ್ತದೆ. ಮಳೆಗಾಲದಲ್ಲಿ ಅದು ಬಲು ಉಪಕಾರಿ, ಆದರೆ ರಾತ್ರಿ ಮೈನ್ ಸ್ವಿಚ್ ಆರಿಸುವ ಆಫೀಸಿನಲ್ಲಿ ಅದು ಇದ್ದೂ ಇಲ್ಲದಂತೆ.

ಜಾಮಿನಲ್ಲಿ ನೋಡಬೇಕಾದ್ದು ಹಾಳೆಯ ಮುಂದಿನ ಅಂಚು ಎಲ್ಲಿ ನಿಂತಿತು ಎಂಬುದು. ಟ್ರೇಯಿಂದ ಹೊರಟೇ ಇಲ್ಲ, ಅಥವಾ ತಡವಾಗಿ ಹೊರಟಿತು ಎಂದರೆ ಪಿಕಪ್ ರಬ್ಬರ್ ನುಣುಪಾಗಿದೆ. ತೇವದ ಬಟ್ಟೆಯಲ್ಲಿ ಒರೆಸಿ, ಮತ್ತೂ ಜಾರಿದರೆ ಹೊಸದು ಹಾಕಿ. ಸ್ಯಾಂಡ್‌ಪೇಪರ್ ಉಜ್ಜಿ ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ, ನಾಲ್ಕು ದಿನ ಎಳೆಯುತ್ತದೆ, ಮತ್ತೆ ನಿಮ್ಮ ಪೆಟ್ರೋಲ್ ಖರ್ಚು. ಕಾಗದ ಇಲ್ಲದೆಯೇ ಜಾಮ್ ತೋರಿಸಿದರೆ ಸೆನ್ಸರ್ ಕಡ್ಡಿಯ ಸಂದಿಯಲ್ಲಿ ಹರಿದ ಚೂರು ಸಿಕ್ಕಿಕೊಂಡಿರುತ್ತದೆ. ಹಲ್ಲಿ, ಇರುವೆ, ಇಲಿ ಕಡಿದ ವಯರ್ ಇವುಗಳನ್ನೂ ಮರೆಯಬೇಡಿ.

ಫ್ಯೂಸರಿನ ವಿಷಯದಲ್ಲಿ ನಾನು ಬಿಗಿ. ಒಳಗೆ 180ರಿಂದ 200 ಡಿಗ್ರಿ ಶಾಖ, ಆರಿಸಿ ಅರ್ಧ ಗಂಟೆಯಾದರೂ ಕಾಯಿರಿ. ಕ್ಯಾನನ್‌ನಲ್ಲಿ ಇ000, ರಿಕೋದಲ್ಲಿ ಎಸ್‌ಸಿ 542, ಕ್ಯೋಸೆರಾದಲ್ಲಿ ಸಿ6000 ಬಂದರೆ ಬಿಸಿ ಏರುತ್ತಿಲ್ಲ ಎಂಬ ದೂರು. ಸರ್ವಿಸ್ ಮೋಡಿಗೆ ಹೋಗಿ ಎರರ್ ಅಳಿಸುವುದು ಯೂಟ್ಯೂಬ್ ನೋಡಿದರೂ ಬರುತ್ತದೆ, ಕಾರಣ ಹುಡುಕದೆ ಅಳಿಸಬಾರದು. ಪ್ಲಗ್ ತೆಗೆದು ಮಲ್ಟಿಮೀಟರಿನಲ್ಲಿ ನೋಡಿ: ಥರ್ಮೋಸ್ಟಾಟ್ (ಬಿಸಿ ಮಿತಿ ಮೀರಿದರೆ ಕರೆಂಟು ಕಡಿಯುವಂಥದ್ದು) ಸೊನ್ನೆ ಓಮ್ ತೋರಿಸಬೇಕು, ಹೀಟರ್ ಲ್ಯಾಂಪ್ ತಣ್ಣಗಿರುವಾಗ ಕೆಲವೇ ಓಮ್, ಥರ್ಮಿಸ್ಟರ್ (ಬಿಸಿ ಅಳೆಯುವ ಸೆನ್ಸರ್) ಸಾಮಾನ್ಯವಾಗಿ ನೂರಾರು ಕಿಲೋ ಓಮ್, ಬಿಸಿಯಾದಂತೆ ಅದು ಇಳಿಯಬೇಕು. ಥರ್ಮಿಸ್ಟರಿನ ತಲೆಗೆ ಟೋನರ್ ಹೆಪ್ಪುಗಟ್ಟಿದ್ದರೆ ಅದಕ್ಕೆ ಶಾಖವೇ ಗೊತ್ತಾಗುವುದಿಲ್ಲ. ಥರ್ಮೋಸ್ಟಾಟ್ ಸುಟ್ಟಿದೆ ಎಂದು ಎರಡು ವಯರ್ ಸೇರಿಸಿ ಮೆಷಿನ್ ಓಡಿಸಿ ಕೊಡುವವರಿದ್ದಾರೆ. ಕಾಗದ ತುಂಬಿದ ಆಫೀಸಿನಲ್ಲಿ ಬೆಂಕಿ ತಡೆಯಲು ಉಳಿದಿದ್ದ ಕೊನೆಯ ಕಾವಲು ಅದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಹಾಗೆ ಮಾಡಬೇಡಿ. ಹೊಸ ಹ್ಯಾಲೊಜೆನ್ ಲ್ಯಾಂಪಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಕೂತಲ್ಲಿ ಅದು ಬೇಗ ಹೋಗುತ್ತದೆ. ಮೆಷಿನಿಗೆ 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ತ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಾಕಿದ್ದರೆ ಮೊದಲು ಅದನ್ನು ಬದಲಿಸಲು ಹೇಳಿ.

ಡ್ರಮ್ ಹಾಕುವಾಗ ಹೊಸಬರು ಮಾಡುವ ತಪ್ಪು ಬ್ಲೇಡಿನದ್ದು. ಹೊಸ ಬ್ಲೇಡನ್ನು ಒಣಗಿದ ಡ್ರಮ್ಮಿಗೆ ಹಾಗೆಯೇ ಕೂರಿಸಿದರೆ ಕಿರ್ ಎಂದು ಸದ್ದು ಮಾಡಿ ಅದರ ತುದಿ ಮಡಚಿಕೊಳ್ಳುತ್ತದೆ. ಬ್ಲೇಡಿನ ಅಂಚಿಗೂ ಡ್ರಮ್ಮಿಗೂ ತೆಳುವಾಗಿ ಡ್ರಮ್ ಪೌಡರ್, ಇಲ್ಲವೇ ಅದೇ ಟೋನರ್ ಸವರಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಆಮೇಲೆ ಕರೆಂಟು ಕೊಡಿ. ಬಿಚ್ಚಿದ ಡ್ರಮ್ಮನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿಡಿ, ಕಿಟಕಿ ಬೆಳಕಿಗೆ ಇಡಬೇಡಿ. ಡೆವಲಪರ್ ಬೇರೆ ಇರುವ ಮೆಷಿನಿನಲ್ಲಿ ಹೊಸದು ಸುರಿದ ಮೇಲೆ ಸರ್ವಿಸ್ ಮೋಡಿನಲ್ಲಿ ಸೆನ್ಸರ್ ಸೆಟ್ ಮಾಡಲೇಬೇಕು. ಮರೆತರೆ ಟೋನರ್ ಪ್ರಮಾಣ ತಪ್ಪುತ್ತದೆ, ಹಾಳೆಯ ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗಬಹುದು.

ಚೀಲದಲ್ಲಿ ಬಹಳ ಸಾಮಾನು ಬೇಡ. ಮ್ಯಾಗ್ನೆಟ್ ತುದಿಯ ಎರಡನೇ ನಂಬ್ರದ ಉದ್ದ ಸ್ಟಾರ್ ಸ್ಕ್ರೂಡ್ರೈವರ್, ಒಂದು ಗಿಡ್ಡ, ಸಣ್ಣ ಚಪ್ಪಟೆ, ನೋಸ್ ಪ್ಲೈಯರ್, ಮಲ್ಟಿಮೀಟರ್, ಬ್ರಶ್, ನೂಲು ಬಿಡದ ಬಟ್ಟೆ, ಐಪಿಎ, ಟಾರ್ಚ್, ಮಾಸ್ಕ್. ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಟೋನರ್ ಎಳೆಯಬೇಡಿ, ಆ ಹುಡಿ ಅದರ ಫಿಲ್ಟರ್ ದಾಟಿ ಮೋಟರಿಗೆ ಹೋಗುತ್ತದೆ. ಕೈಗಾದ ಟೋನರ್ ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ತಾಗಿದರೆ ಹಿಡಿಯುತ್ತದೆ. ವೇಸ್ಟ್ ಟೋನರನ್ನು ತೋಟದ ಬದಿಯಲ್ಲಿ ಸುಡಬೇಡಿ, ಹುಡಿ ಗಾಳಿಗೆ ಎದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಆಫೀಸುಗಳಲ್ಲಿ ಕಾಗದ ಕಡಿಮೆಯಾಗುತ್ತಿದೆ, ಈ ಕೆಲಸಕ್ಕೆ ಭವಿಷ್ಯ ಉಂಟೇ ಎಂದು ಕೇಳುವವರಿದ್ದಾರೆ. ಪ್ರತಿ ತೆಗೆಯುವುದು ಇಳಿದರೂ ಸ್ಕ್ಯಾನ್ ಏರಿದೆ. ಅದು ನಿಂತಾಗ ಕರೆಯುವುದು ನಿಮ್ಮನ್ನೇ. ರೌಟರ್ ಬದಲಾಗಿ ನೆಟ್‌ವರ್ಕ್ ವಿಳಾಸ (ಐಪಿ) ಬದಲಾಯಿತು, ಸ್ಕ್ಯಾನ್ ಫೋಲ್ಡರಿಗೆ ಹೋಗುವುದಿಲ್ಲ. 2017ರ ಕೊನೆಗೆ ಬಂದ ವಿಂಡೋಸ್ 10 ಆವೃತ್ತಿಯಿಂದ ಎಸ್‌ಎಮ್‌ಬಿ 1 (ನೆಟ್‌ವರ್ಕಿನಲ್ಲಿ ಫೋಲ್ಡರಿಗೆ ಫೈಲ್ ಕಳಿಸುವ ಹಳೆಯ ಕ್ರಮ) ತಾನಾಗಿ ಬರುವುದಿಲ್ಲ, ಹಳೆಯ ಮೆಷಿನ್‌ಗಳು ಅದನ್ನೇ ನಂಬಿವೆ. ಸುರಕ್ಷತೆ ಕಡಿಮೆಯಾದ ಆ ಬಾಗಿಲು ತೆರೆಯುವ ಬದಲು ಎಫ್‌ಟಿಪಿ ಅಥವಾ ಯುಎಸ್‌ಬಿ ದಾರಿ ಮಾಡಿಕೊಡಿ. ಮೆಷಿನಿನಿಂದಲೇ ಸ್ಕ್ಯಾನ್ ಇಮೇಲ್ ಮಾಡುವುದಾದರೆ ಜಿಮೇಲ್ 2022ರಿಂದ ಬರಿಯ ಪಾಸ್‌ವರ್ಡ್ ಒಪ್ಪುವುದಿಲ್ಲ, ಆ್ಯಪ್ ಪಾಸ್‌ವರ್ಡ್ ಹಾಕಬೇಕು. ನಮ್ಮಲ್ಲಿ ಇನ್ನೊಂದು ಸಮಸ್ಯೆ: ಸ್ಕ್ರೀನಿನಲ್ಲಿ ಚಂದ ಇರುವ ಕನ್ನಡ, ಮಲಯಾಳ ಅಕ್ಷರ ಪ್ರಿಂಟಿನಲ್ಲಿ ಒಡೆಯುವುದು. ಡ್ರೈವರಿನ ಫಾಂಟ್ ಸೆಟ್ಟಿಂಗಿನಲ್ಲಿ ಅಕ್ಷರವನ್ನು ಚಿತ್ರವಾಗಿ ಕಳಿಸುವ ಆಯ್ಕೆ ಹುಡುಕಿ, ಅದು ಬಹಳ ಸಲ ಸರಿಮಾಡುತ್ತದೆ. ಕನ್ನಡ ಓದಲು ಬಾರದ ಟೆಕ್ನಿಷಿಯನ್‌ಗೆ ಒತ್ತಕ್ಷರ ತಪ್ಪಿದ್ದೇ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಮಲಯಾಳ ಬರದಿದ್ದರೆ ಕೂಡಲೇ ಕಲಿಯಿರಿ, ಆಫೀಸಿನವರು ದೂರು ಹೇಳುವುದು ಹೆಚ್ಚಾಗಿ ಅದರಲ್ಲೇ. ಸರ್ವಿಸ್ ಮ್ಯಾನ್ಯುವಲಿನ ಇಂಗ್ಲಿಷಿಗೆ ಕನ್ನಡ ಮಾಧ್ಯಮದವರು ಹೆದರಬೇಕಾಗಿಲ್ಲ, ಅವವೇ ಪದಗಳು ಪುಟಪುಟಕ್ಕೂ ಬರುತ್ತವೆ.

ಸೇರುವುದಾದರೆ ಮೊದಲು ಕಂಪೆನಿಯ ಅಧಿಕೃತ ಡೀಲರ್ ಬಳಿ ಎರಡು ವರ್ಷ. ತರಬೇತಿ, ಮ್ಯಾನ್ಯುವಲ್, ಅಸಲಿ ಪಾರ್ಟ್ ಕಣ್ಣಿಗೆ ಬೀಳುವುದು ಅಲ್ಲಿಯೇ. ಸೇರುವ ಮೊದಲು ಕೇಳಬೇಕಾದ್ದು ಸಂಬಳ ಮಾತ್ರವಲ್ಲ: ಮುಳ್ಳೇರಿಯಾದಿಂದ ಉಪ್ಪಳಕ್ಕೆ ಓಡುವ ಬೈಕಿನ ಪೆಟ್ರೋಲ್ ಯಾರದು, ಅದೇ ದೂರಿಗೆ ಎರಡನೇ ಸಲ ಹೋದರೆ ಖರ್ಚು ಯಾರದು. ಆಮೇಲೆ ಸ್ವಂತವಾಗಿ ಎಎಮ್‌ಸಿ (ವಾರ್ಷಿಕ ನಿರ್ವಹಣೆ ಕರಾರು) ಹಿಡಿಯುವಾಗ ಪ್ರತಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಬೇಕು. ಉದಾಹರಣೆಗೆ 3,000 ರೂಪಾಯಿಯ ಡ್ರಮ್ 60,000 ಪ್ರತಿ ಕೊಟ್ಟರೆ ಪ್ರತಿಗೆ 5 ಪೈಸೆ. ಹೀಗೆ ಬ್ಲೇಡ್, ಫ್ಯೂಸರ್, ರಬ್ಬರ್, ಟೋನರ್ ಎಲ್ಲ ಕೂಡಿಸಿ. ಟೋನರ್ ಡಬ್ಬಿಯ ಮೇಲಿನ ಪ್ರತಿ ಲೆಕ್ಕ ಸಾಮಾನ್ಯವಾಗಿ ಹಾಳೆಯ ಶೇಕಡಾ 5 ಅಥವಾ 6ರಷ್ಟು ಮಾತ್ರ ಕಪ್ಪು ಇದ್ದಾಗಿನದ್ದು. ಆಧಾರ್, ಫೋಟೋ, ಜಾಗದ ಹಳೆಯ ದಸ್ತಾವೇಜುಗಳ ಕಪ್ಪು ಪ್ರತಿ ತೆಗೆಯುವ ಅಂಗಡಿಗೆ ಅದೇ ದರ ಒಪ್ಪಿಕೊಂಡರೆ ಮೂರೇ ತಿಂಗಳಲ್ಲಿ ಕೈಯಿಂದ ಹಾಕಬೇಕಾಗುತ್ತದೆ. ಪ್ರತಿ ಭೇಟಿಯಲ್ಲಿ ಕೌಂಟರ್ ಓದಿ, ತಾರೀಕಿನೊಂದಿಗೆ ಬರೆದು, ಮೆಷಿನಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ ಬನ್ನಿ: ಯಾವ ಪಾರ್ಟ್, ಎಷ್ಟನೇ ಪ್ರತಿಗೆ ಬದಲಿಸಿದ್ದು ಎಂದು.