ರೆಗೆ ಸತ್ತಿದ್ದು ಯಾವಾಗ ಸ್ವಾಮಿ?

ಮೊನ್ನೆ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಊಟಕ್ಕೆ ಕೂತಿದ್ದೆವು. ಹೋಟೆಲಿನ ಹುಡುಗ ಜಮೈಕಾದ ಡ್ಯಾನ್ಸ್‌ಹಾಲ್ ಗಾಯಕ ಶಾನ್ ಪಾಲ್‌ನ ಹಾಡು ಹಾಕಿದ. ಪಕ್ಕದ ಟೇಬಲ್ಲಿನಲ್ಲಿ ಜಮೈಕಾದ ರೆಗೆ ಸಂಗೀತದ ದೊರೆ ಬಾಬ್ ಮಾರ್ಲಿಯ ಟೀಶರ್ಟು ತೊಟ್ಟಿದ್ದ ಮಹನೀಯರೊಬ್ಬರು ಮುಖ ಸಿಂಡರಿಸಿ, "ತೆಗಿಯಪ್ಪಾ ಈ ಗಲಾಟೆನ. ರೆಗೆ ಮಾರ್ಲಿ ಜೊತೆಗೇ ಸತ್ತೋಯ್ತು" ಅಂದರು. ನನ್ನ ಬಾಯಿ ನಿಮಗೆ ಗೊತ್ತಲ್ಲ. ಹೆಂಡತಿ ಮೇಜಿನಡಿ ಕಾಲು ತುಳಿದಳು, ಸುಮ್ಮನಾದೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಕಾರುತ್ತಿದ್ದೇನೆ.

ಮಾರ್ಲಿ ತೀರಿಕೊಂಡಿದ್ದು 1981ರಲ್ಲಿ. ಅಷ್ಟರೊಳಗೆ ಜಮೈಕಾದ ಸಂಗೀತ ಎಷ್ಟು ಸಲ 'ಸತ್ತಿತ್ತು'? ಸ್ವಾತಂತ್ರ್ಯ ಬಂದ 1962ರ ಆಸುಪಾಸಿನಲ್ಲಿ ರಾಜಧಾನಿ ಕಿಂಗ್‌ಸ್ಟನ್ ಕುಣಿಯುತ್ತಿದ್ದಿದ್ದು ಸ್ಕಾ ಅನ್ನುವ ಸಂಗೀತಕ್ಕೆ. ಟ್ರಂಪೆಟ್ಟು, ಸ್ಯಾಕ್ಸೊಫೋನು, ಓಡುವ ಲಯ. 1966ರ ಹೊತ್ತಿಗೆ ಲಯ ನಿಧಾನವಾಯಿತು, ಬೇಸ್ ಗಿಟಾರು ಮುಂದೆ ಬಂತು, ಅದಕ್ಕೆ ರಾಕ್‌ಸ್ಟೆಡಿ ಅಂತ ಹೆಸರಾಯಿತು. ಎರಡೇ ವರ್ಷ, ಅದೂ ಹೋಗಿ ರೆಗೆ. ಆಮೇಲೆ ಕಿಂಗ್ ಟಬ್ಬಿ ಅಂತ ಒಬ್ಬ ಪುಣ್ಯಾತ್ಮ, ರೇಡಿಯೋ ರಿಪೇರಿಯವನು, ಹಾಡಿನಿಂದ ಹಾಡುಗಾರನನ್ನೇ ಎತ್ತಿ ಹೊರಗಿಟ್ಟು, ಬೇಸು, ಡ್ರಮ್ಮು, ಪ್ರತಿಧ್ವನಿ ಇಷ್ಟೇ ಉಳಿಸಿ ಡಬ್ ಮಾಡಿದ. ಯು-ರಾಯ್ ಅಂಥ ಟ್ರ್ಯಾಕುಗಳ ಮೇಲೆ ಮೈಕ್ ಹಿಡಿದು ಮಾತಾಡಿದ. ಹಿಮ್ಮೇಳದ ಮೇಲೆ ಮಾತು, ಹಾಡು ಸೇರಿಸುವ ಡ್ಯಾನ್ಸ್‌ಹಾಲ್ ಬೇರು ಬಿಟ್ಟಿದ್ದು ಅಲ್ಲಿ, ಮಾರ್ಲಿ ಕಣ್ಣೆದುರಿಗೇ.

ಇವರ 'ಶುದ್ಧ' ಮಾರ್ಲಿಯ ಕತೆಯಾದರೂ ಏನು? 1973ರಲ್ಲಿ ಅವನನ್ನು ಹೊರಜಗತ್ತಿಗೆ ತಂದ ಆಲ್ಬಂ ಇದೆಯಲ್ಲ, ಅದರ ಟೇಪುಗಳನ್ನು ಲಂಡನ್ನಿಗೆ ತರಿಸಿಕೊಂಡು, ರಾಕ್ ಕೇಳುವ ಬಿಳಿಯರಿಗೆ ರುಚಿಸಲಿ ಅಂತ ರೆಕಾರ್ಡ್ ಕಂಪನಿಯ ಯಜಮಾನ ಕ್ರಿಸ್ ಬ್ಲ್ಯಾಕ್‌ವೆಲ್ ಅಮೆರಿಕನ್ ಗಿಟಾರಿಸ್ಟ್ ಒಬ್ಬನಿಂದ ಮೇಲೆ ನುಡಿಸಿದ್ದ. ಅದು ಶುದ್ಧ. ಕಿಂಗ್‌ಸ್ಟನ್ ಗಲ್ಲಿಯ ಹುಡುಗರು ತಮಗೆ ಬೇಕಾದಂತೆ ಮಾಡಿಕೊಂಡರೆ ಗಲಾಟೆ!

"ಕೀಬೋರ್ಡ್ ಬಂದು ಕೆಡಿಸ್ತು" ಅನ್ನುವವರಿಗೂ ಒಂದು ಮಾತು. 1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ, ನಿರ್ಮಾಪಕ ಕಿಂಗ್ ಜಾಮಿ ಹೊರತಂದ 'ಸ್ಲೆಂಗ್ ಟೆಂಗ್' ಹಾಡು ಹುಟ್ಟಿದ್ದು ಕ್ಯಾಸಿಯೋದ ಪುಟ್ಟ ಎಂಟಿ-40 ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ತಾಳದಿಂದ. ನಿಜ, ಅದಾದ ಮೇಲೆ ಸ್ಟುಡಿಯೋ ವಾದಕರಿಗೆ ಕೆಲಸ ಕಡಿಮೆಯಾಯಿತು. ಆದರೆ ಆ ತಾಳ ಕೂಡಿಸಿದ ಒಕುಡಾ ಹಿರೊಕೊ ಎಂಬ ಜಪಾನಿ ಹೆಣ್ಣುಮಗಳು ಕಾಲೇಜಿನಲ್ಲಿ ರೆಗೆ ಮೇಲೇ ಪ್ರಬಂಧ ಬರೆದಿದ್ದವಳು! ಜಾಮಿಯೂ ಟಬ್ಬಿಯ ಗರಡಿಯಲ್ಲೇ ಪಳಗಿದವನು. ಎಲ್ಲಿ ಕಡಿಯಿತು ಬಳ್ಳಿ, ತೋರಿಸಿ.

ಜಮೈಕಾದಲ್ಲಿ ಹಿಮ್ಮೇಳದ ಟ್ರ್ಯಾಕಿಗೆ ರಿಡಿಮ್ ಅಂತಾರೆ. ನಮ್ಮಲ್ಲಿ ಒಂದೇ ಮಟ್ಟಿಗೆ ಹತ್ತು ಪದ ಕಟ್ಟಿ ಹಾಡುವ ಹಾಗೆ, ಒಂದೇ ರಿಡಿಮ್ ಮೇಲೆ ಯಾರು ಬೇಕಾದರೂ ತಮ್ಮ ಹಾಡು ಕೂರಿಸಬಹುದು. ಅರವತ್ತರ ದಶಕದಲ್ಲಿ ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ನಲ್ಲಿ ನುಡಿಸಿದ ರಿಡಿಮ್‌ಗಳ ಮೇಲೆ ಮೊಮ್ಮಕ್ಕಳು ಇವತ್ತೂ ಹಾಡುತ್ತಿದ್ದಾರೆ. ಮೊನ್ನೆ ಬೈಸಿಕೊಂಡ ಶಾನ್ ಪಾಲ್‌ದೇ ನೋಡಿ: 2003ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಅವನ ಹಾಡು, ವೇಯ್ನ್ ವಂಡರ್‌ದು, ಲುಮಿಡೀದು, ಮೂರೂ ಲೆಂಕಿ ಮಾರ್ಸ್‌ಡನ್ ಕಟ್ಟಿದ ಒಂದೇ ಚಪ್ಪಾಳೆ ತಾಳದ ಮೇಲೆ. ಆ ರಿಡಿಮ್‌ನ ಹೆಸರು 'ದೀವಾಲಿ'. ಹೌದು, ನಮ್ಮ ದೀಪಾವಳಿಯೇ. ಟೀಶರ್ಟ್ ಮಹನೀಯರಿಗೆ ಹೇಳಬೇಕಿತ್ತು, ಛೆ.

ಈಗ ಯಾರಾದರೂ ಬರುತ್ತೀರಿ: "ಡ್ಯಾನ್ಸ್‌ಹಾಲ್‌ನಲ್ಲಿ ಬಂದೂಕು, ಪೋಲಿ ಮಾತು, ಸಲಿಂಗಿಗಳ ಮೇಲೆ ದ್ವೇಷ." ಇದೆ. ಆ ದ್ವೇಷದ ಹಾಡುಗಳಿಗೆ ನನ್ನಲ್ಲಿ ಸಮರ್ಥನೆ ಇಲ್ಲ. ಡ್ಯಾನ್ಸ್‌ಹಾಲ್ ಗಾಯಕ ಬುಜು ಬಾಂಟನ್ನೇ ಅಂಥ ತನ್ನ ಹಳೆಯ ಹಾಡನ್ನು ಕೈಬಿಟ್ಟ. ಆದರೆ ಪೋಲಿತನ ಹೊಸದೇ? 1969ರಲ್ಲಿ ಬಿಬಿಸಿ ನುಡಿಸಲು ಒಪ್ಪದ ಹಾಡಿನಿಂದ ಇಂಗ್ಲೆಂಡಿನಲ್ಲಿ ಗೆದ್ದ ಮ್ಯಾಕ್ಸ್ ರೋಮಿಯೋ, 1976ರಲ್ಲಿ ನೀವು ಕಣ್ಣುಮುಚ್ಚಿ ಕೇಳುವ ಗಂಭೀರ ರೂಟ್ಸ್ ರೆಗೆ ಹಾಡಿದವನೇ. ಅಜ್ಜಂದಿರೂ ಹರೆಯದಲ್ಲಿ ಸಾಚಾಗಳೇನಲ್ಲ.

ನಿಜ ಹೇಳಿಬಿಡ್ತೀನಿ. ಈಗಿನ ಟ್ರ್ಯಾಪ್ (ಅಮೆರಿಕದ ಹಿಪ್‌ಹಾಪಿನ ಒಂದು ಬಗೆ) ಬೆರೆತ ಡ್ಯಾನ್ಸ್‌ಹಾಲ್ ನನಗೂ ಸೇರುವುದಿಲ್ಲ. ಬೇಸು ಎಲ್ಲಿದೆ ಅಂತ ಹುಡುಕಬೇಕು, ದನಿಗೆಲ್ಲ ಸ್ವರ ತಿದ್ದುವ ಆಟೋಟ್ಯೂನ್ ತಂತ್ರ ಬಳಿದಿರುತ್ತೆ. ಮಗಳು ಹಾಕಿದರೆ ಎದ್ದು ಬಾಲ್ಕನಿಗೆ ಹೋಗ್ತೀನಿ. ಅದು ನನ್ನ ವಯಸ್ಸು, ಜಮೈಕಾದ ಸಾವಲ್ಲ! 2020ರಲ್ಲಿ ರೆಗೆ ಆಲ್ಬಂಗೆ ಗ್ರ್ಯಾಮಿ ಗೆದ್ದವಳು ಕಾಫಿ ಅನ್ನುವ ಹತ್ತೊಂಬತ್ತರ ಹುಡುಗಿ. ತಂಡದ ಜೊತೆಗಲ್ಲದೆ ಒಂಟಿಯಾಗಿ ಆ ಪ್ರಶಸ್ತಿ ಗೆದ್ದ ಮೊದಲ ಹೆಣ್ಣುಮಗಳು. ಅವಳಲ್ಲಿ ರೂಟ್ಸೂ ಇದೆ, ಡ್ಯಾನ್ಸ್‌ಹಾಲೂ ಇದೆ, ಗೆರೆ ಎಳೆಯೋಕೆ ಹೋದರೆ ನೀವೇ ಸೋಲ್ತೀರಿ.

ಕಾಮೆಂಟಿನಲ್ಲಿ ಮಾರ್ಲಿ ಲಿಂಕ್ ಹಾಕಬೇಡಿ. ನನ್ನ ಹತ್ತಿರ ಎಲ್ಲ ಇದೆ.